ಪೇರಲದ ಕಜ್ಜಿ: ಬಲಿತ ಕಾಯಿಯ ಕಲೆಗೆ ಔಷಧವಿಲ್ಲ, ಹೀಚನ್ನು ಉಳಿಸಿಕೊಳ್ಳಬಹುದು

ಪ್ರಶ್ನೆ: ಹುಬ್ಬಳ್ಳಿ–ಧಾರವಾಡದ ನಡುವೆ, ನವಲೂರಿನ ಸಮೀಪ ನಮ್ಮದು ಒಂದೂವರೆ ಎಕರೆ ಪೇರಲ ತೋಟ. ನಮ್ಮ ಮಾವನವರು 22 ವರ್ಷಗಳ ಹಿಂದೆ ಹಚ್ಚಿದ 160 ಗಿಡಗಳಿವೆ. ಈ ಮಳೆಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಯಿಗಳ ಮೇಲೆ ಕಂದು ಬಣ್ಣದ, ಒರಟಾದ ಕಜ್ಜಿ ಎದ್ದಿದೆ. ಔಷಧ ಅಂಗಡಿಯವರು ಹೇಳಿದಂತೆ ಮೂರು ವಾರಗಳ ಹಿಂದೆ ಒಂದು ಶಿಲೀಂಧ್ರನಾಶಕವನ್ನೂ ಸ್ಟ್ರೆಪ್ಟೋಸೈಕ್ಲಿನ್ ಪುಡಿಯನ್ನೂ ಕೂಡಿಸಿ ಹೊಡೆದೆವು. ಒಂದು ಕಲೆಯೂ ಕಡಿಮೆಯಾಗಲಿಲ್ಲ. ಈಗ ಬೋರಾನ್ ಮತ್ತು ಕ್ಯಾಲ್ಸಿಯಂ ಹೊಡೆಯಿರಿ ಎನ್ನುತ್ತಿದ್ದಾರೆ. ಬದುವಿನ ಮೇಲಿರುವ ನಿಂಬೆ ಗಿಡಗಳಿಗೂ ಕಜ್ಜಿ ಇದೆ, ಅದೇ ಹತ್ತಿದೆ, ನಿಂಬೆ ಕಡಿಸಿ ಎಂಬುದು ಮಾವನವರ ಮಾತು. ಪಕ್ಕದ ಹೊಲದ ಆಲೂಗಡ್ಡೆಯ ಕಜ್ಜಿ ಮಣ್ಣಿನಿಂದ ಬಂದಿದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಉದುರಿದ ಎಲೆಗಳ ಮೇಲೆ ಯೂರಿಯಾ ಹೊಡೆದರೆ ಕಜ್ಜಿ ಹೋಗುತ್ತದೆ ಎಂದು ಮೊಬೈಲಿನಲ್ಲಿ ನೋಡಿದೆ. ವ್ಯಾಪಾರಿ ಅರ್ಧ ದರಕ್ಕೆ ಕೇಳುತ್ತಿದ್ದಾನೆ. ಗಿಡಗಳನ್ನೇ ತೆಗೆದು ತೈವಾನ್ ಪೇರಲ ಹಚ್ಚಬೇಕೇ? ಈ ಹಣ್ಣನ್ನು ಮಕ್ಕಳಿಗೆ ಕೊಡಬಹುದೇ? – ಒಬ್ಬ ರೈತ ಮಹಿಳೆ, ಧಾರವಾಡ ತಾಲ್ಲೂಕು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಮನೆಯಲ್ಲಿ ಮಕ್ಕಳಿರುವಾಗ ಆ ಚಿಂತೆಯೇ ದೊಡ್ಡದು. ಪೇರಲದ ಕಜ್ಜಿ ಮನುಷ್ಯರಿಗೆ ಹತ್ತುವ ರೋಗವಲ್ಲ. ಕಲೆ ಇರುವ ಭಾಗದ ಸಿಪ್ಪೆಯನ್ನು ಹೆರೆದು ತೆಗೆದು ಉಳಿದ ಹಣ್ಣನ್ನು ಧಾರಾಳವಾಗಿ ತಿನ್ನಬಹುದು. ಕಜ್ಜಿಯ ಜಾಗದಲ್ಲಿ ಹಣ್ಣು ಸೀಳಿ ಒಳಗಿನ ತಿರುಳು ಮೆತ್ತಗಾಗಿದ್ದರೆ ಮಾತ್ರ ಅದನ್ನು ಬಿಡಬೇಕು. ಆದರೆ ನೀವು ಹೊಡೆದ ಔಷಧದ ಡಬ್ಬಿಯ ಮೇಲೆ ಸಿಂಪರಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಬಿಡಬೇಕೆಂದು ಬರೆದಿರುತ್ತದೆ. ಅಷ್ಟು ದಿನ ಕಳೆಯುವವರೆಗೆ ಆ ಗಿಡದ ಹಣ್ಣನ್ನು ಮಕ್ಕಳೂ ತಿನ್ನಬಾರದು, ಮಾರುಕಟ್ಟೆಗೂ ಕಳಿಸಬಾರದು. ಈ ಪ್ರಸಂಗದಲ್ಲಿ ನನಗೆ ಕಜ್ಜಿಗಿಂತ ಹೆಚ್ಚಿನ ಆತಂಕ ಇರುವುದು ಆ ಸಿಂಪರಣೆಯ ಬಗ್ಗೆ.

ಇನ್ನು ರೋಗದ ವಿಚಾರ. ನೀವು ಕಳಿಸಿದ ಚಿತ್ರಗಳಲ್ಲಿ ಒಂದು ಕಾಯಿಯನ್ನು ಕಜ್ಜಿಯ ನಡುವೆಯೇ ಕೊಯ್ದು ತೋರಿಸಿದ್ದೀರಿ. ಆ ಒಂದು ಚಿತ್ರ ಬಹಳ ಸಹಾಯ ಮಾಡಿತು. ಕಲೆಯ ಅಂಚು ಉಬ್ಬಿದೆ, ನಡುಭಾಗ ತಗ್ಗಿದೆ, ಮೇಲಿನ ತೊಗಲು ಗುಂಡಗೆ ಹರಿದು ಸಣ್ಣ ಬಟ್ಟಲಿನಂಥ ಕುಳಿಯಾಗಿದೆ. ಆದರೆ ಕಂದು ಬಣ್ಣ ಸಿಪ್ಪೆಯ ಕೆಳಗೆ ಹೆಚ್ಚು ಇಳಿದಿಲ್ಲ, ಅದರ ಕೆಳಗಿನ ತಿರುಳು ಬೆಳ್ಳಗೆ ಗಟ್ಟಿಯಾಗಿಯೇ ಇದೆ. ಪೆಸ್ಟಲೋಟಿಯಾಪ್ಸಿಸ್ ಎಂಬ ಶಿಲೀಂಧ್ರದಿಂದ ಬರುವ ಪೇರಲದ ಕಾಯಿ ಕಜ್ಜಿಯ ಲಕ್ಷಣ ಹೀಗೆಯೇ ಇರುತ್ತದೆ. ಚಿತ್ರ ನೋಡಿ ಹೇಳಿದ್ದು ಪೂರ್ಣ ಖಾತ್ರಿಯಲ್ಲ; ಸೂಕ್ಷ್ಮದರ್ಶಕದ ಕೆಳಗೆ ಈ ಶಿಲೀಂಧ್ರ ತಾನಾಗಿಯೇ ಗುರುತು ಹೇಳುತ್ತದೆ. ಅದರ ಬೀಜಕಣ ನೂಲುವ ಕದಿರಿನ ಆಕಾರದ್ದು, ಐದು ಕೋಣೆಗಳದ್ದು. ನಡುವಿನ ಮೂರು ಕೋಣೆ ಕಂದು, ಎರಡು ತುದಿಯವು ಬಣ್ಣವಿಲ್ಲದವು, ಒಂದು ತುದಿಯಲ್ಲಿ ಎರಡು ಮೂರು ಎಳೆ ಮೀಸೆಗಳು. ಒಮ್ಮೆ ನೋಡಿದವರು ಅದನ್ನು ಇನ್ನೊಂದರ ಜೊತೆ ಗೊಂದಲ ಮಾಡಿಕೊಳ್ಳುವುದಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ನಿಮಗೆ ಕೈಯಳತೆಯಲ್ಲೇ ಇದೆ, ಅಲ್ಲಿಗೆ ನಾಲ್ಕು ಕಾಯಿ ಒಯ್ದು ತೋರಿಸಿ.

ಹಾಗಾದರೆ ಔಷಧ ಹೊಡೆದರೂ ಕಲೆ ಏಕೆ ಹೋಗಲಿಲ್ಲ? ಇದು ಇಡೀ ವಿಷಯದ ತಿರುಳಾದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ನೀವು ಇಂದು ನೋಡುತ್ತಿರುವ ಒರಟು ಕಲೆ ನಿನ್ನೆ ಮೊನ್ನೆಯ ರೋಗವಲ್ಲ. ಆ ಕಾಯಿ ಗೋಲಿಯಷ್ಟೋ ಅಡಿಕೆಯಷ್ಟೋ ಇದ್ದಾಗ, ಅದರ ಎಳೆಯ ತೊಗಲಿನ ಮೇಲೆ ಎಲ್ಲೋ ಒಂದು ಸಣ್ಣ ಗಾಯವಾಗಿ, ಅಲ್ಲಿ ಬೀಜಕಣ ಕೂತು ಮೊಳೆತಿತ್ತು. ಆಗ ಕಂಡದ್ದು ಗುಂಡುಸೂಜಿಯ ತಲೆಯಷ್ಟು ತುಕ್ಕುಬಣ್ಣದ ಚುಕ್ಕೆ ಮಾತ್ರ, ಯಾರೂ ಗಮನಿಸುವಂಥದ್ದಲ್ಲ. ಕಾಯಿ ಹಿಗ್ಗಿದಂತೆ ಸತ್ತ ತೊಗಲು ಹಿಗ್ಗಲಾರದೆ ಹರಿಯಿತು, ಶಿಲೀಂಧ್ರ ಒಳಗೆ ಇಳಿಯದಂತೆ ಗಿಡ ಅದರ ಸುತ್ತ ಬೆಂಡಿನಂಥ ಗಟ್ಟಿ ಪದರ ಕಟ್ಟಿತು. ಹುಡುಗರ ಮೊಣಕಾಲಿನ ಗಾಯಕ್ಕೆ ಹಕ್ಕಳೆ ಕಟ್ಟುವ ಹಾಗೆಯೇ ಇದು. ವ್ಯತ್ಯಾಸವೆಂದರೆ ಮೊಣಕಾಲಿನ ಹಕ್ಕಳೆ ಉದುರಿ ಹೊಸ ಚರ್ಮ ಬರುತ್ತದೆ, ಕಾಯಿಗೆ ಹೊಸ ಸಿಪ್ಪೆ ಬರುವುದಿಲ್ಲ. ಜಗತ್ತಿನ ಯಾವ ಔಷಧವೂ ಆ ಹಕ್ಕಳೆಯನ್ನು ಅಳಿಸಲಾರದು. ಬಲಿತ ಕಾಯಿಗೆ ಎಷ್ಟು ಸಲ ಹೊಡೆದರೂ ಖರ್ಚು ಕಾಣುತ್ತದೆ, ಗುಣ ಕಾಣುವುದಿಲ್ಲ; ಆಗ ಅಂಗಡಿಯಲ್ಲಿ ಇನ್ನೊಂದು ಔಷಧ, ಮತ್ತೊಂದು ಔಷಧ ಎಂದು ಮಾತು ಬೆಳೆಯುತ್ತದೆ. ನಾನು ಕೆಲಸ ಮಾಡಿದ ವರ್ಷಗಳಲ್ಲಿ ತೋಟಗಾರರ ಹಣ ಹೆಚ್ಚು ಪೋಲಾದದ್ದು ಈ ಒಂದು ತಪ್ಪು ತಿಳುವಳಿಕೆಯಿಂದಲೇ.

ಸ್ಟ್ರೆಪ್ಟೋಸೈಕ್ಲಿನ್ ಪ್ರತಿಜೈವಿಕ ಔಷಧ. ಅದು ಬ್ಯಾಕ್ಟೀರಿಯಾ ಎಂಬ ದುಂಡಾಣುಗಳ ಮೇಲೆ ಕೆಲಸ ಮಾಡುವಂಥದ್ದು, ಶಿಲೀಂಧ್ರಕ್ಕೆ ಏನೂ ಮಾಡುವುದಿಲ್ಲ. ಅದನ್ನು ಅನಗತ್ಯವಾಗಿ ಹೊಡೆದಷ್ಟೂ ದುಂಡಾಣುಗಳು ಆ ಔಷಧಕ್ಕೆ ಒಗ್ಗಿಕೊಳ್ಳುತ್ತವೆ. ಅದೇ ಜಾತಿಯ ಔಷಧ ನಾಳೆ ಆಸ್ಪತ್ರೆಯಲ್ಲಿ ಬೇಕಾಗುವಂಥದ್ದು. ಬೋರಾನ್ ಕೊರತೆಯಿಂದ ಪೇರಲ ಸೀಳುವುದು ನಿಜ, ಆದರೆ ಅದು ಬಿರುಕಾಗಿ ಕಾಣುತ್ತದೆ, ಅಂಚು ಉಬ್ಬಿದ ಗುಂಡು ಕುಳಿಯಾಗಿ ಅಲ್ಲ. ಮಣ್ಣು ಅಥವಾ ಎಲೆಯ ಪರೀಕ್ಷೆಯಿಲ್ಲದೆ ಬೋರಾನ್ ಹಾಕಬೇಡಿ, ಏಕೆಂದರೆ ಸಾಕಷ್ಟು ಮತ್ತು ಅತಿ ಎಂಬುವುಗಳ ನಡುವಿನ ಅಂತರ ಅದಕ್ಕೆ ಬಹಳ ಕಿರಿದು, ಹೆಚ್ಚಾದರೆ ಎಲೆಯ ಅಂಚು ಸುಡುತ್ತದೆ.

ನಿಮ್ಮ ಮಾವನವರ ಸಂಶಯಕ್ಕೆ ಒಂದು ಕಾರಣವಿದೆ, ಅದನ್ನು ತಳ್ಳಿಹಾಕಬೇಡಿ. ನಮ್ಮಲ್ಲಿ ಪೇರಲ, ನಿಂಬೆ, ಆಲೂಗಡ್ಡೆ ಮೂರಕ್ಕೂ ಬರುವ ರೋಗವನ್ನು ಕಜ್ಜಿ ಎಂದೇ ಕರೆಯುತ್ತೇವೆ, ನೋಡಲೂ ಮೂರೂ ಒರಟೇ. ಆದರೆ ಅವುಗಳ ಮೂಲ ಬೇರೆ ಬೇರೆ. ನಿಂಬೆಯ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ: ಕಲೆಯ ಸುತ್ತ ಹಳದಿ ಬಳೆ ಇದ್ದು, ಎಲೆಯ ಎರಡೂ ಬದಿಗೆ ಒರಟು ಹತ್ತಿದರೆ ಅದು ಝಾಂತೊಮೊನಾಸ್ ಎಂಬ ದುಂಡಾಣುವಿನ ರೋಗ. ಅದು ನಿಂಬೆಯ ಜಾತಿಗೆ ಸೀಮಿತ, ಪೇರಲಕ್ಕೆ ದಾಟುವುದಿಲ್ಲ. ಆಲೂಗಡ್ಡೆಯ ಕಜ್ಜಿ ಸ್ಟ್ರೆಪ್ಟೊಮೈಸಿಸ್ ಎಂಬ, ಮಣ್ಣಿನಲ್ಲೇ ಬದುಕುವ, ಎಳೆಎಳೆಯಾಗಿ ಬೆಳೆಯುವ ಇನ್ನೊಂದು ದುಂಡಾಣುವಿನದು. ಅದು ಗಿಡದ ಮೇಲಿನ ಕಾಯಿಗೆ ಏರಿ ಬರುವ ಪ್ರಶ್ನೆಯೇ ಇಲ್ಲ. ಇಲ್ಲೊಂದು ಮಾತು ನಿಮ್ಮ ಪಕ್ಕದ ಹೊಲದವರಿಗೆ ತಿಳಿಸಿ. ಪೇರಲದ ಕಜ್ಜಿ ತೇವದಲ್ಲಿ ಹೆಚ್ಚುತ್ತದೆ, ಆಲೂಗಡ್ಡೆಯ ಕಜ್ಜಿ ಗಡ್ಡೆ ಕಟ್ಟುವ ಹೊತ್ತಿಗೆ ಮಣ್ಣು ಒಣಗಿದ್ದರೆ ಹೆಚ್ಚುತ್ತದೆ. ಪೇರಲಕ್ಕೆ ನಾವು ಸುಣ್ಣ ಬೆರೆಸಿದ ದ್ರಾವಣವನ್ನೇ ಹೊಡೆಯುತ್ತೇವೆ, ಆಲೂಗಡ್ಡೆಯ ಹೊಲಕ್ಕೆ ಸುಣ್ಣ ಹಾಕಿದರೆ ಕಜ್ಜಿ ಇನ್ನಷ್ಟು ಏಳುತ್ತದೆ, ಏಕೆಂದರೆ ಆ ದುಂಡಾಣುವಿಗೆ ಹುಳಿ ಮಣ್ಣು ಆಗಿಬರುವುದಿಲ್ಲ. ಒಂದೇ ಹೆಸರು ನೋಡಿ ಒಂದೇ ಮದ್ದು ಮಾಡಿದರೆ ಹೀಗೆ ಒಂದು ಬೆಳೆಗೆ ಒಳಿತಾದದ್ದು ಇನ್ನೊಂದಕ್ಕೆ ಕೇಡಾಗುತ್ತದೆ.

ಮೊಬೈಲಿನಲ್ಲಿ ನೀವು ನೋಡಿದ ಯೂರಿಯಾದ ಸಲಹೆ ಸುಳ್ಳಲ್ಲ, ಅದು ಸೇಬಿನದು. ಸೇಬಿಗೆ ವೆಂಚೂರಿಯಾ ಎಂಬ ಶಿಲೀಂಧ್ರದಿಂದ ಕಜ್ಜಿ ಬರುತ್ತದೆ. ಕಾಶ್ಮೀರದಲ್ಲಿ 1973ರಲ್ಲಿ ಅದು ಉಲ್ಬಣಿಸಿ ತೋಟಗಳನ್ನು ಹಾಳುಗೆಡವಿತ್ತು. ಸೇಬಿನ ಗಿಡ ಚಳಿಗಾಲದಲ್ಲಿ ಎಲೆಯನ್ನೆಲ್ಲ ಉದುರಿಸುತ್ತದೆ, ಶಿಲೀಂಧ್ರವೂ ಆ ಎಲೆಗಳಲ್ಲೇ ಚಳಿಗಾಲ ಕಳೆಯುತ್ತದೆ. ಎಲೆ ಉದುರುವ ಹೊತ್ತಿಗೆ ಶೇಕಡಾ 5ರ ಯೂರಿಯಾ ಹೊಡೆದರೆ ಎಲೆ ಬೇಗ ಕೊಳೆತು ರೋಗದ ನೆಲೆಯೇ ಇಲ್ಲವಾಗುತ್ತದೆ. ನಮ್ಮ ಪೇರಲ ವರ್ಷವಿಡೀ ಹಸಿರು. ಅದರ ರೋಗ ಉಳಿಯುವುದು ಒಣಗಿ ಕಪ್ಪಾಗಿ ಟೊಂಗೆಗೇ ಜೋತುಬಿದ್ದ ಕಾಯಿಗಳಲ್ಲಿ, ಒಣಗಿದ ರೆಂಬೆಗಳಲ್ಲಿ, ಗಿಡದ ಬುಡದಲ್ಲಿ ಬಿದ್ದ ಕಜ್ಜಿಕಾಯಿಗಳಲ್ಲಿ. ಆದ್ದರಿಂದ ಯೂರಿಯಾ ಬಿಟ್ಟು ಆ ಕಾಯಿಗಳನ್ನು ಕೈಯಿಂದ ಆರಿಸಬೇಕು. ಬಿಸಿಲು ಬಿದ್ದ ದಿನ, ಎಲೆಯ ಮೇಲಿನ ನೀರು ಆರಿದ ಮೇಲೆ, ಪ್ರತಿ ಗಿಡದಿಂದ ಒಣಕಾಯಿ ಕಿತ್ತು, ಬುಡದಲ್ಲಿ ಬಿದ್ದವನ್ನೂ ಕೂಡಿಸಿ, ಮೊಣಕಾಲುದ್ದ ತಗ್ಗಿನಲ್ಲಿ ಹುಗಿಯಿರಿ. ತಿಪ್ಪೆಗೆ ಎಸೆದರೆ ಅದೇ ಗೊಬ್ಬರದೊಡನೆ ತೋಟಕ್ಕೆ ಮರಳಿ ಬರುತ್ತದೆ. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟು ಮಾಡಿದ ಸಿಂಪರಣೆ ಅರ್ಧಕ್ಕರ್ಧ ವ್ಯರ್ಥ.

ಈಗ ಆ ಗಾಯದ ವಿಷಯ. ಈ ಶಿಲೀಂಧ್ರ ಗಟ್ಟಿ ತೊಗಲನ್ನು ಭೇದಿಸಿಕೊಂಡು ಹೋಗುವಷ್ಟು ಬಲದ್ದಲ್ಲ, ಅದಕ್ಕೆ ಯಾರಾದರೂ ದಾರಿ ಮಾಡಿಕೊಡಬೇಕು. ಗಾಳಿಗೆ ಟೊಂಗೆ ಉಜ್ಜಿದ ಗಾಯ ಸಾಕು, ಆದರೆ ಹೆಚ್ಚಾಗಿ ಆ ಕೆಲಸ ಮಾಡುವುದು ಟೀ ಸೊಳ್ಳೆ ಎಂದು ಕರೆಯುವ ಕೀಟ. ಹೆಸರಿಗೆ ಸೊಳ್ಳೆ, ನಿಜಕ್ಕೂ ರಸ ಹೀರುವ ತಿಗಣೆ ಜಾತಿಯದು. ಗೇರು ಬೆಳೆಯುವವರಿಗೆ ಚಿರಪರಿಚಿತ. ಉದ್ದ ಕಾಲು, ಉದ್ದ ಮೀಸೆ, ಬೆನ್ನಿನ ಮೇಲೆ ಗುಂಡುಸೂಜಿ ನೆಟ್ಟಂತೆ ಒಂದು ಮುಳ್ಳು. ಬಿಸಿಲೇರಿದ ಮೇಲೆ ಎಲೆಯ ಮರೆಗೆ ಹೋಗುತ್ತದೆ, ಆದ್ದರಿಂದ ಬೆಳಗಿನ ತಂಪಿನಲ್ಲಿ ಎಳೆಯ ಚಿಗುರು ಮತ್ತು ಹೀಚುಗಳನ್ನು ತಿರುಗಿಸಿ ನೋಡಬೇಕು. ಅದು ಚುಚ್ಚಿದ ಜಾಗ ಮೊದಲು ನೀರು ತುಂಬಿದಂತೆ ಕಂಡು ಆಮೇಲೆ ಕಂದಾಗುತ್ತದೆ, ಚಿಗುರಿನ ತುದಿ ಬಾಡುತ್ತದೆ. ಶಿಲೀಂಧ್ರವೇ ಇಲ್ಲದಿದ್ದರೂ ಬರಿಯ ಚುಚ್ಚುವಿಕೆಯಿಂದಲೇ ಕಾಯಿ ಕಜ್ಜಿಗಟ್ಟುವುದುಂಟು. ಸಾಮಾನ್ಯವಾಗಿ ಎರಡೂ ಕೂಡಿಯೇ ಇರುತ್ತವೆ, ಹಾಗಾಗಿ ಕೀಟವನ್ನು ಬಿಟ್ಟು ಶಿಲೀಂಧ್ರಕ್ಕಷ್ಟೇ ಔಷಧ ಮಾಡಿದವರಿಗೆ ಗುಣ ಕಾಣುವುದಿಲ್ಲ. ತೇವದ ಪಾತ್ರ ಎಂಥದೆಂದರೆ, ಬೀಜಕಣ ಮೊಳೆಯಲು ಗಾಳಿಯಲ್ಲಿ ಶೇಕಡಾ 95ಕ್ಕೂ ಮಿಕ್ಕಿದ ತೇವಾಂಶ ಬೇಕು. 30 ಡಿಗ್ರಿಯ ಆಸುಪಾಸಿನಲ್ಲಿ ಚೆನ್ನಾಗಿ ಮೊಳೆಯುತ್ತದೆ, 15ಕ್ಕಿಂತ ಕೆಳಗೆ ಅಥವಾ 40ಕ್ಕಿಂತ ಮೇಲೆ ಮೊಳೆಯುವುದಿಲ್ಲ. ಪುಷ್ಯ, ಆಶ್ಲೇಷಾ ಮಳೆಗಳಲ್ಲಿ ಧಾರವಾಡದ ಕಡೆ ವಾರಗಟ್ಟಲೆ ಜಿಟಿಜಿಟಿ ಹಿಡಿದು ಎಲೆ ಆರುವುದೇ ಇಲ್ಲವಲ್ಲ, ಅದು ಈ ಶಿಲೀಂಧ್ರಕ್ಕೆ ಹೇಳಿ ಮಾಡಿಸಿದ ಕಾಲ. ನಿಮ್ಮ ತೋಟದಲ್ಲಿ 22 ವರ್ಷದ ಗಿಡಗಳ ಟೊಂಗೆ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದು ಚಿತ್ರದಲ್ಲೇ ಕಾಣುತ್ತದೆ. ಮಳೆ ನಿಂತರೂ ಒಳಗೆ ಹನಿ ಬೀಳುತ್ತಲೇ ಇರುತ್ತದೆ.

ಈಗ ಮಾಡಬೇಕಾದದ್ದು. ಸೆಪ್ಟೆಂಬರ್ ಮೊದಲ ವಾರದಲ್ಲಿ ನಿಮ್ಮ ಗಿಡಗಳ ಮೇಲೆ ಎರಡು ಬೆಳೆ ಇವೆ: ಬೇಸಿಗೆಯಲ್ಲಿ ಹೂ ಕಟ್ಟಿ ಈಗ ಬಲಿತಿರುವ ಕಜ್ಜಿಕಾಯಿ, ಮತ್ತು ಮೃಗಶಿರಾ ಮಳೆಯ ನಂತರದ ಹೂವಿನಿಂದ ಬಂದ ಹೀಚು. ಮೊದಲನೆಯದರ ಹಣೆಬರಹ ಆಗಿಹೋಗಿದೆ, ಎರಡನೆಯದನ್ನು ಉಳಿಸಿಕೊಳ್ಳಬಹುದು, ಚಳಿಗಾಲದಲ್ಲಿ ಒಳ್ಳೆಯ ದರ ತರುವುದೂ ಅದೇ. ಹಿಂದಿನ ಸಿಂಪರಣೆಯ ಅವಧಿ ಮುಗಿದಿದ್ದರೆ ಬಲಿತ ಕಾಯಿಗಳನ್ನೆಲ್ಲ ಮೊದಲು ಇಳಿಸಿಬಿಡಿ. ಮೇಲ್ಮೈ ಕಲೆ ಇರುವ ಹಣ್ಣು ಜೆಲ್ಲಿಗೆ, ತಿರುಳಿಗೆ, ರಸಕ್ಕೆ ನಡೆಯುತ್ತದೆ, ಆ ಕಾರಣಕ್ಕೆ ಒಟ್ಟು ಮಾಲನ್ನು ಅರ್ಧ ದರಕ್ಕೆ ಕೊಡದೆ ಕಲೆಯಿಲ್ಲದ್ದನ್ನು ಬೇರೆ ಬುಟ್ಟಿಗೆ ಆರಿಸಿ ಮಾರಿ. ಬಲಿತ ಕಾಯಿ ಗಿಡದ ಮೇಲಿರುವಾಗ ಹೀಚಿಗೆಂದು ಔಷಧ ಹೊಡೆದರೆ ಅದು ಮಾರುವ ಹಣ್ಣಿಗೂ ಬೀಳುತ್ತದೆ.

ಆಮೇಲೆ ತಾಮ್ರದ ಔಷಧ. ಶೇಕಡಾ 1ರ ಬೋರ್ಡೋ ದ್ರಾವಣ, ಇಲ್ಲವೇ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್. 15 ದಿನಗಳ ಅಂತರದಲ್ಲಿ ಮೂರು ಸಲ, ಅಂದರೆ ಉತ್ತರಾ, ಹಸ್ತಾ, ಚಿತ್ತಾ ಮಳೆಗಳ ನಡುವಿನ ಬಿಡುವಿನಲ್ಲಿ. ಫ್ರಾನ್ಸಿನ ಬೋರ್ಡೋದಲ್ಲಿ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಗೆಂದು ರೂಪಿಸಿದ ಈ ದ್ರಾವಣವನ್ನು ಮನೆಯಲ್ಲೇ ತಯಾರಿಸಬಹುದು, ಆದರೆ ತಪ್ಪು ಮಾಡಿದರೆ ಎಲೆ ಸುಡುತ್ತದೆ. ಒಂದು ಕಿಲೋ ಮೈಲುತುತ್ತವನ್ನು (ಕಾಪರ್ ಸಲ್ಫೇಟ್) 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಟ್ಟ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಪ್ಲಾಸ್ಟಿಕ್ ಪೀಪಾಯಿಗಳಲ್ಲೇ ಕರಗಿಸಿ, ಕಬ್ಬಿಣದ ಪಾತ್ರೆ ಬೇಡ. ಸುಣ್ಣದ ಹಾಲನ್ನು ಸೋಸಿಕೊಂಡು, ಅದಕ್ಕೆ ಮೈಲುತುತ್ತದ ನೀರನ್ನು ಸಣ್ಣಗೆ ಸುರಿಯುತ್ತ ಕಲಕಬೇಕು. ತಿರುಗಾಮುರುಗಾ ಮಾಡಿದರೆ ಒಡೆಯುತ್ತದೆ. ಬಳಿಕ ತಿಕ್ಕಿ ಹೊಳಪು ಮಾಡಿದ ಕುಡುಗೋಲಿನ ಅಲಗನ್ನು ಒಂದು ನಿಮಿಷ ಅದರಲ್ಲಿ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ತುಕ್ಕಿನಂತೆ ತಾಮ್ರ ಕೂತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ಹಾಲು ಹಾಕಿ ಮತ್ತೆ ನೋಡಿ. ಅಲಗು ಬಿಳಿಯಾಗಿಯೇ ಬಂದರೆ ಹೊಡೆಯಬಹುದು. ಅಂದಿನದನ್ನು ಅಂದೇ ಮುಗಿಸಬೇಕು.

ಇದರ ಅಪಾಯಗಳನ್ನೂ ಹೇಳಬೇಕು. ಎಳೆಯ ಹೀಚಿಗೆ, ಅದರಲ್ಲೂ ಮೋಡ ಕವಿದು ತೊಗಲು ಆರದಿರುವಾಗ, ತಾಮ್ರವೇ ತುಕ್ಕುಬಣ್ಣದ ಕಲೆ ಮಾಡಬಹುದು. ಆದ್ದರಿಂದ ಮೊದಲು ಎರಡು ಗಿಡಕ್ಕೆ ಹೊಡೆದು ನಾಲ್ಕು ದಿನ ನೋಡಿ, ಆಮೇಲೆ ಉಳಿದವಕ್ಕೆ ಹೊಡೆಯಿರಿ. ಹೂ ಅರಳಿದ ಗಿಡಕ್ಕೆ ಬೆಳಗಿನ ಹೊತ್ತು ಯಾವ ಔಷಧವೂ ಬೇಡ, ಜೇನುಹುಳ ಬರುವ ವೇಳೆ ಅದು. ಟೀ ಸೊಳ್ಳೆ ಅಲ್ಲಲ್ಲಿ ಮಾತ್ರ ಇದ್ದರೆ ಬಾಡಿದ ಚಿಗುರನ್ನು ಚಿವುಟಿ ಒಯ್ದು ನಾಶಮಾಡಿ ಬೇವಿನ ಔಷಧ ಹೊಡೆದರೆ ಸಾಕಾಗಬಹುದು. ಹೆಚ್ಚಾಗಿದ್ದರೆ ರಾಸಾಯನಿಕ ಬೇಕಾಗುತ್ತದೆ, ಆದರೆ ಅದನ್ನು ತೋಟಗಾರಿಕೆ ಇಲಾಖೆಯವರನ್ನು ಕೇಳಿ, ಪೇರಲಕ್ಕೆ ಅನುಮತಿ ಇದೆ ಎಂದು ಡಬ್ಬಿಯ ಮೇಲೆ ಬರೆದದ್ದನ್ನು ಓದಿಯೇ ಕೊಳ್ಳಿರಿ.

ಕಾಯಿಗೆ ಚೀಲ ಕಟ್ಟುವ ಪದ್ಧತಿಯನ್ನು ತೈವಾನ್ ಪೇರಲದ ತೋಟಗಳಲ್ಲಿ ನೀವು ನೋಡಿರುತ್ತೀರಿ. ಹೀಚು ನಿಂಬೆಹಣ್ಣಿನ ಗಾತ್ರಕ್ಕೆ ಬಂದಾಗ ಫೋಮಿನ ಬಲೆ, ಅದರ ಮೇಲೊಂದು ಪ್ಲಾಸ್ಟಿಕ್ ಚೀಲ. ಕೀಟ ಚುಚ್ಚುವುದು ತಪ್ಪುತ್ತದೆ, ಹಣ್ಣುನೊಣವೂ ತಪ್ಪುತ್ತದೆ, ಕಾಯಿ ನುಣುಪಾಗಿ ಬರುತ್ತದೆ. ಆದರೆ ಅಷ್ಟರೊಳಗೆ ಚುಕ್ಕೆ ಬಿದ್ದ ಕಾಯಿಗೆ ಚೀಲ ಕಟ್ಟಿದರೆ ಒಳಗಿನ ಉಗಿಯಲ್ಲಿ ರೋಗ ಇನ್ನೂ ಚೆನ್ನಾಗಿ ಬೆಳೆಯುತ್ತದೆ. ಔಷಧ ಹೊಡೆದು, ಕಾಯಿ ಪೂರ್ತಿ ಆರಿದ ಮೇಲೆ, ಕೆಳಮೂಲೆಗೆ ತೂತಿರುವ ಚೀಲ ಕಟ್ಟಬೇಕು. ಎತ್ತರದ ಹಳೆಯ ಗಿಡಗಳಿಗೆ ಆಳುಗಳ ಖರ್ಚು ಹೆಚ್ಚು. ಈ ವರ್ಷ ಕೈಗೆಟಕುವ ಟೊಂಗೆಗಳಿಗಷ್ಟೇ ಕಟ್ಟಿ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಗಿಡ ತೆಗೆಯಬೇಕೇ ಎಂಬುದಕ್ಕೆ ನನ್ನ ಉತ್ತರ ಸ್ಪಷ್ಟ: ಕಜ್ಜಿಯ ಕಾರಣಕ್ಕೆ ಬೇಡ. ಈ ಶಿಲೀಂಧ್ರ ತೈವಾನ್ ಪೇರಲವನ್ನೂ ಬಿಡುವುದಿಲ್ಲ, ಒತ್ತಾಗಿ ನೆಟ್ಟರೆ ಗಾಳಿ ಇನ್ನೂ ಕಡಿಮೆ. ನಿಮ್ಮ ಹಳೆಯ ಗಿಡಗಳ ಮುಖ್ಯ ಕೊರತೆ ಬೆಳಕು. ಚಳಿಗಾಲದ ಬೆಳೆ ಮುಗಿದ ಮೇಲೆ, ಬಿಸಿಲು ಬಲಿಯುವ ಮೊದಲು, ಒಣಗಿದ ಮತ್ತು ಹೆಣೆದುಕೊಂಡ ಟೊಂಗೆಗಳನ್ನು ತೆಗೆದು ನಡುಭಾಗ ಬಿಚ್ಚಿರಿ, ದಪ್ಪ ಗಾಯಗಳಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 10 ಲೀಟರ್ ನೀರಿನ ಬೋರ್ಡೋ ಮುಲಾಮು ಹಚ್ಚಿರಿ. ಒಂದೇ ವರ್ಷ ಎಲ್ಲ ಗಿಡ ಬೋಳಿಸಬೇಡಿ. ಬರಿಯ ಕೊಂಬೆ ಬಿಸಿಲಿಗೆ ಸುಟ್ಟು ಸೀಳುತ್ತದೆ, ಒಮ್ಮೆಲೇ ಬರುವ ಎಳೆ ಚಿಗುರಿಗೆ ಟೀ ಸೊಳ್ಳೆ ಮುತ್ತುತ್ತದೆ. ವರ್ಷಕ್ಕೆ ಮೂರರಲ್ಲೊಂದು ಪಾಲಿನಂತೆ ಮಾಡಿದರೆ ಆದಾಯವೂ ತಪ್ಪುವುದಿಲ್ಲ.

ಇದಕ್ಕಿಂತ ಮುಂದಿನ ಹೆಜ್ಜೆಯೊಂದಿದೆ, ಅದನ್ನು ಮಾವನವರ ಜೊತೆ ಕೂತು ಯೋಚಿಸಿ: ಮಳೆಗಾಲದ ಬೆಳೆಯನ್ನೇ ಬಿಟ್ಟುಬಿಡುವುದು. ಫೆಬ್ರವರಿಯಿಂದ ನೀರು ನಿಲ್ಲಿಸಿ, ಬೇಸಿಗೆಯ ಹೂವನ್ನು ಉದುರಿಸಿ, ಜೂನ್‌ನ ಹೂವನ್ನಷ್ಟೇ ಕಾಯಿಗೆ ಬಿಟ್ಟರೆ, ಕಾಯಿ ಬಲಿಯುವುದು ನವೆಂಬರಿನಿಂದ ಮುಂದೆ ಒಣ ಹವೆಯಲ್ಲಿ. ಮಳೆಗಾಲದ ಪೇರಲ ಹೇಗೂ ಸಪ್ಪೆ, ಹಣ್ಣುನೊಣದ ಹುಳುವೂ ಅದರಲ್ಲೇ ಹೆಚ್ಚು, ಮತ್ತು ಆ ಬೆಳೆ ಇಲ್ಲವಾದರೆ ಚಳಿಗಾಲದ ಹೀಚಿಗೆ ರೋಗ ದಾಟಿಸುವ ಕಜ್ಜಿಕಾಯಿಯೇ ಗಿಡದ ಮೇಲೆ ಇರುವುದಿಲ್ಲ. ಇದರ ನಷ್ಟವೆಂದರೆ ಮೊದಲ ವರ್ಷ ಒಂದು ಬೆಳೆಯ ಹಣ ಕೈಬಿಡುತ್ತದೆ, ಆಗಸ್ಟ್‌ನಲ್ಲಿ ಆ ಹಣ ಬಿತ್ತನೆಗೋ ಶಾಲೆಯ ಫೀಗೋ ಬೇಕಾದ ಮನೆಗೆ ಅದು ಸಣ್ಣ ಮಾತಲ್ಲ. ಅರ್ಧ ತೋಟದಲ್ಲಿ ಮಾತ್ರ ಪ್ರಯತ್ನಿಸಬಹುದು.

ಇನ್ನೊಂದು ಕೆಲಸವನ್ನು ನಾಳೆಯೇ ಮಾಡಿ. ಬೇರೆ ಬೇರೆ ಸಾಲಿನ ಹತ್ತು ಗಿಡ ಆರಿಸಿ, ಪ್ರತಿ ಗಿಡದಲ್ಲಿ ಕಲೆಯಿಲ್ಲದ ಐದು ಹೀಚುಗಳ ತೊಟ್ಟಿಗೆ ಕೆಂಪು ದಾರ ಕಟ್ಟಿ. ಅವುಗಳಲ್ಲಿ ಎರಡು ಗಿಡಕ್ಕೆ ಮೂರೂ ಸಲ ತಾಮ್ರ ಹೊಡೆಯದೆ ಬಿಡಿ. ವಾರಕ್ಕೊಮ್ಮೆ ಆ 50 ಕಾಯಿಗಳನ್ನಷ್ಟೇ ತಿರುಗಿಸಿ ನೋಡಿ, ಎಷ್ಟಕ್ಕೆ ಚುಕ್ಕೆ ಬಿತ್ತು, ಎಷ್ಟು ಉದುರಿದವು ಎಂದು ಹೊಡೆದ ಗಿಡದ್ದನ್ನೂ ಬಿಟ್ಟ ಗಿಡದ್ದನ್ನೂ ಬೇರೆ ಬೇರೆಯಾಗಿ ಬರೆದಿಡಿ. ಪ್ರಯೋಗಾಲಯಕ್ಕೆ ಒಯ್ಯುವ ಕಾಯಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಬೇಡಿ, ಬೆವೆತು ಕೊಳೆತು ಬೇರೆ ಬೂಷ್ಟು ಹಿಡಿಯುತ್ತದೆ; ಒಂದೊಂದನ್ನೂ ಹಳೆಯ ಪೇಪರಿನಲ್ಲಿ ಸುತ್ತಿ, ಒಂದೆರಡು ಎಳೆಯ ಚಿಗುರನ್ನೂ ಜೊತೆಗಿಟ್ಟು, ಕಿತ್ತ ದಿನವೇ ಕೊಡಿ. ಸ್ವಾತಿ ಮಳೆ ಹೋದ ಮೇಲೆ ಆ 50 ಕಾಯಿಗಳ ಲೆಕ್ಕದ ಚೀಟಿಯನ್ನು ನನಗೂ ಕಳಿಸಿ, ಮುಂದಿನ ಬೇಸಿಗೆಯ ಹೂವನ್ನು ಇಟ್ಟುಕೊಳ್ಳುವುದೋ ಉದುರಿಸುವುದೋ ಎಂಬುದನ್ನು ಅದನ್ನು ನೋಡಿಯೇ ಮಾತನಾಡೋಣ.